ಕಡಲಮೀನೂ ಅಂಗಡಿಯ ಚೀಟಿಯೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಅಡಿಗೆಗಾಗಿ ಮೀನು ಕೊಳ್ಳುವ ಗೃಹಿಣಿ ಮೋಸಹೋಗುವುದು ಅಪೂರ್ವ. ಆಕೆ ಮೀನಿನ ಕಿವಿರಿನ ಮುಚ್ಚಳವನ್ನು ಬೆರಳಿನಿಂದೆತ್ತಿ ಒಳಗಿನ ಕೆಂಪನ್ನು ನೋಡುತ್ತಾಳೆ. ಕಣ್ಣು ಉಬ್ಬಿ ಹೊಳೆಯುತ್ತಿದೆಯೆ, ಗುಳಿಬಿದ್ದು ಮಂಕಾಗಿದೆಯೆ ಎಂದು ಪರೀಕ್ಷಿಸುತ್ತಾಳೆ. ಮೈಯನ್ನು ಒತ್ತಿ, ಒತ್ತಿದ ಗುಳಿ ಮತ್ತೆ ಮೇಲೇಳುವುದೋ ಇಲ್ಲವೋ ಎಂಬುದನ್ನು ಗಮನಿಸುತ್ತಾಳೆ. ಕೊನೆಗೆ ಮೂಸಿ ನೋಡುತ್ತಾಳೆ. ಈ ನಾಲ್ಕು ಪರೀಕ್ಷೆಗಳನ್ನು ಯಾವ ಪಾಠಶಾಲೆಯೂ ಆಕೆಗೆ ಕಲಿಸಲಿಲ್ಲ. ಅವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಈ ಮಾರುಕಟ್ಟೆಯ ಕಟ್ಟಡ ೧೯೨೭ರಲ್ಲಿ ಎದ್ದು ೧೯೩೩ರಲ್ಲಿ ವಿಧ್ಯುಕ್ತವಾಗಿ ತೆರೆದದ್ದು. ಆದರೆ ಮೀನು ಕೊಳ್ಳುವವರ ಈ ಜಾಣ್ಮೆ ಕಟ್ಟಡಕ್ಕಿಂತ ಎಷ್ಟೋ ಹಳೆಯದು. ಮಾರುವವನಿಗೆ ಗೊತ್ತಿರುವುದರಲ್ಲಿ ಬಹುಪಾಲು ಕೊಳ್ಳುವವಳಿಗೂ ಗೊತ್ತು. ಆದುದರಿಂದಲೇ ಅಲ್ಲಿ ಚೌಕಾಸಿ ಎಷ್ಟೇ ಜೋರಾಗಿ ನಡೆದರೂ ವ್ಯಾಪಾರ ನ್ಯಾಯವಾಗಿಯೇ ಮುಗಿಯುತ್ತದೆ.

ಅದೇ ಶಿವಾಜಿನಗರದ ಬೀದಿಗಳಲ್ಲಿಯೂ ಊರಿನ ಪೂರ್ವದ ಬಡಾವಣೆಗಳಲ್ಲಿಯೂ ಜೀವಂತ ಮೀನನ್ನು ಮಾರುವ ಅಕ್ವೇರಿಯಂ ಅಂಗಡಿಗಳಿವೆ. ಇವುಗಳಲ್ಲಿ ಹೆಚ್ಚಿನವು ಸಿಹಿನೀರಿನ ಮೀನುಗಳದು. ಕೆಲವೆಡೆ ಮಾತ್ರ ಉಪ್ಪುನೀರಿನ ತೊಟ್ಟಿಗಳೂ ಉಂಟು. ನೀಲಿ ದೀಪದ ಕೆಳಗೆ ಕಿತ್ತಳೆಯ ಮೈಗೆ ಬಿಳಿಯ ಪಟ್ಟೆ ಬಳಿದಂತಿರುವ ಮೀನೊಂದು ಓಲಾಡುತ್ತಿರುವುದನ್ನು ಕಂಡು ಮನಸೋಲದ ವಿದ್ಯಾರ್ಥಿ ವಿರಳ. ಆದರೆ ಇಲ್ಲಿ ಅವನ ಕೈಯಲ್ಲಿ ಯಾವ ಪರೀಕ್ಷೆಯಿದೆ? ಗಾಜಿನ ಹಿಂದಿರುವ ಮೀನಿನ ಕಿವಿರನ್ನು ಎತ್ತಿ ನೋಡುವಂತಿಲ್ಲ. ಕಡಲಿನ ಜೀವಿಗಳನ್ನು ಮನೆಯಲ್ಲಿ ಸಾಕುವ ವಿದ್ಯೆ ನಮ್ಮ ಊರಿಗೆ ಹೊಸದು. ಅದನ್ನು ಹೇಳಿಕೊಡುವ ಅಜ್ಜಿಯರು ನಮಗಿಲ್ಲ. ಅವನು ಬಣ್ಣವನ್ನು ನೋಡುತ್ತಾನೆ, ಬೆಲೆಯನ್ನು ಕೇಳುತ್ತಾನೆ, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಹಿಡಿದು ಮನೆಗೆ ನಡೆಯುತ್ತಾನೆ. ಹೀಗೆ ನಡೆದುಹೋದ ಮೀನುಗಳಲ್ಲಿ ಎಷ್ಟೋ ಒಂದು ತಿಂಗಳನ್ನೂ ಕಾಣುವುದಿಲ್ಲ.

ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಈ ಅಂತರವನ್ನು ತುಂಬಬೇಕಾದವರು ಯಾರು? ಮಾರುವವರೇ ಎಂಬುದು ನಮ್ಮ ಅಭಿಪ್ರಾಯ. ತುಂಬುವ ಬಗೆ ಹೇಗೆ? ಮೂರು ನಿಯಮಗಳನ್ನು ಪಾಲಿಸಿದರೆ ಸಾಕೆಂದು ನಾವು ತಿಳಿಯುತ್ತೇವೆ. ಹೇಳಬೇಕಾದುದನ್ನು ಮಾರಾಟಕ್ಕೆ ಮುನ್ನ ಹೇಳಬೇಕು, ಬರೆದು ಹೇಳಬೇಕು, ಕೊಳ್ಳುವವನು ಓದಬಲ್ಲ ಭಾಷೆಯಲ್ಲಿ ಹೇಳಬೇಕು. ಇವಕ್ಕೆಲ್ಲ ಮೂಲವಾದ ಒಂದು ಮಾತುಂಟು. ಮಾರಾಟವನ್ನೇ ತಡೆಯಬಲ್ಲ ಸಂಗತಿಯನ್ನು ಮುಚ್ಚಿಟ್ಟು ಉಳಿದುದನ್ನೆಲ್ಲ ವಿವರಿಸುವುದು ತಿಳಿವಳಿಕೆ ಕೊಟ್ಟಂತಲ್ಲ, ಅದು ಜಾಹೀರಾತು.

ಈ ಮಾತು ಕಠಿನವೆಂದು ತೋರಬಹುದು. ಅದರ ಅಗತ್ಯವನ್ನು ಮನಗಾಣಬೇಕಾದರೆ, ಉಪ್ಪುನೀರಿನ ಅಂಗಡಿ ಮಾರುವ ವಸ್ತು ನಿಜವಾಗಿ ಯಾವುದು ಎಂಬುದನ್ನು ಮೊದಲು ವಿಚಾರಿಸೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಪಶ್ಚಿಮಕ್ಕೆ ಮಂಗಳೂರಿನ ಕಡಲಾಗಲಿ ಪೂರ್ವಕ್ಕೆ ಚೆನ್ನೈನ ಕಡಲಾಗಲಿ ರಸ್ತೆಯ ದಾರಿಯಲ್ಲಿ ಸುಮಾರು ೩೫೦ ಕಿಲೋಮೀಟರು ದೂರ. ಇಂಥ ಊರಿನಲ್ಲಿ ಕಡಲಮೀನನ್ನು ಸಾಕುವುದೆಂದರೆ ಮನೆಯ ಮೂಲೆಯಲ್ಲಿ ಕಡಲಿನ ಒಂದು ತುಂಡನ್ನು ಕಟ್ಟಿ ನಿಲ್ಲಿಸುವುದೆಂದೇ ಅರ್ಥ. ಮೀನು ಆ ಕಟ್ಟಡದ ಕೊನೆಯ ಅಲಂಕಾರ ಮಾತ್ರ, ಅಡಿಪಾಯ ನೀರು.

ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳು ಕರಗಿರುತ್ತವೆ. ಅಡಿಗೆಯ ಉಪ್ಪಿನ ಘಟಕಗಳಾದ ಸೋಡಿಯಂ ಮತ್ತು ಕ್ಲೋರೈಡುಗಳು ಇದರಲ್ಲಿ ಶೇಕಡ ೮೫ರಷ್ಟು. ಉಳಿದುದರಲ್ಲಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಮುಖ್ಯವಾದುವು. ೧೮೭೨ರಿಂದ ೧೮೭೬ರವರೆಗೆ ಮಹಾಸಾಗರಗಳನ್ನು ಸುತ್ತಿದ ‘ಚಾಲೆಂಜರ್’ ಎಂಬ ಹಡಗು ತಂದ ನೀರಿನ ೭೭ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನವಿಜ್ಞಾನಿ ವಿಶ್ಲೇಷಿಸಿ, ತನ್ನ ಫಲಿತಾಂಶಗಳನ್ನು ೧೮೮೪ರಲ್ಲಿ ಪ್ರಕಟಿಸಿದನು. ಕಡಲಿನಿಂದ ಕಡಲಿಗೆ ಲವಣದ ಒಟ್ಟು ಮೊತ್ತ ತುಸು ಹೆಚ್ಚುಕಡಮೆಯಾದರೂ ಮುಖ್ಯ ಘಟಕಗಳ ಪರಸ್ಪರ ಪ್ರಮಾಣ ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಎಂಬುದನ್ನು ಅವನು ತೋರಿಸಿಕೊಟ್ಟನು. ಕಡಲಿನ ಪ್ರಾಣಿಗಳು ಈ ಪ್ರಮಾಣಕ್ಕೆ ಒಗ್ಗಿಕೊಂಡು ಬಂದವು. ಅಡಿಗೆಯ ಉಪ್ಪನ್ನು ನೀರಿಗೆ ಸುರಿದು ಕಡಲನ್ನು ಮಾಡಲಾಗದು ಎಂಬುದಕ್ಕೆ ಇದೇ ಕಾರಣ. ಅಂಗಡಿಗಳಲ್ಲಿ ದೊರೆಯುವ ವಿಶೇಷ ಲವಣಮಿಶ್ರಣವನ್ನೇ ಬಳಸಬೇಕಾಗುತ್ತದೆ. ಹೈಡ್ರೋಮೀಟರಿನಿಂದ ಅಳೆದು ನೀರಿನ ಸಾಪೇಕ್ಷ ಸಾಂದ್ರತೆ ೧.೦೨೪ರಿಂದ ೧.೦೨೬ರೊಳಗೆ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ.

ಈಗ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಲಿ. ನೂರು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ ೩೫ ಗ್ರಾಮಿನಂತೆ ೩,೫೦೦ ಗ್ರಾಂ ಲವಣವಿದೆ. ಬೇಸಗೆಯಲ್ಲಿ ಹತ್ತು ಲೀಟರು ನೀರು ಆವಿಯಾಗಿಹೋಯಿತು. ಆವಿಯಾದುದು ನೀರು, ಲವಣವೆಲ್ಲ ತೊಟ್ಟಿಯಲ್ಲಿಯೇ ಉಳಿಯಿತು. ೩,೫೦೦ನ್ನು ೯೦ರಿಂದ ಭಾಗಿಸಿದರೆ ಲೀಟರಿಗೆ ಸುಮಾರು ೩೯ ಗ್ರಾಂ. ಕಡಮೆಯಾದ ನೀರನ್ನು ತುಂಬಲು ಹುಡುಗನು ಮತ್ತೆ ಉಪ್ಪುನೀರನ್ನೇ ಸುರಿದರೆ ಏನಾಗುವುದು? ತೊಟ್ಟಿಯಲ್ಲಿ ೩,೮೫೦ ಗ್ರಾಂ ಲವಣ ಸೇರಿತು. ಪ್ರತಿ ಸಲವೂ ಅದು ಏರುತ್ತಲೇ ಹೋಗುತ್ತದೆ. ತುಂಬಬೇಕಾದುದು ಶುದ್ಧವಾದ ಸಿಹಿನೀರು. ಹೈಸ್ಕೂಲಿನ ಭಾಗಾಕಾರದಿಂದ ತಿಳಿಯುವ ಈ ಸಂಗತಿಯನ್ನು ಒಂದು ಸಾಲಿನಲ್ಲಿ ಬರೆದು ಲವಣದ ಡಬ್ಬಿಯ ಪಕ್ಕದಲ್ಲಿ ತೂಗುಹಾಕಿದರೆ ಎಷ್ಟು ಮೀನುಗಳು ಉಳಿದಾವು!

ಸಿಹಿನೀರು ಎಂದೆವು, ಆದರೆ ಯಾವ ಸಿಹಿನೀರು? ನಲ್ಲಿಯಲ್ಲಿ ಬರುವ ಕಾವೇರಿಯ ನೀರಿಗೆ ರೋಗಾಣುಗಳನ್ನು ಕೊಲ್ಲಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ಮನುಷ್ಯನಿಗೆ ರಕ್ಷೆಯಾದ ಅದು ಮೀನಿನ ಕಿವಿರಿಗೆ ವಿಷ. ಕೃಷ್ಣರಾಜಪುರದ ಕಡೆಯ ಎಷ್ಟೋ ಮನೆಗಳು ನೆಚ್ಚಿಕೊಂಡಿರುವ ಕೊಳವೆಬಾವಿಯ ನೀರು ಗಡುಸು. ಅದರಲ್ಲಿ ನೈಟ್ರೇಟೂ ಇರಬಹುದು, ಕುದಿಸಿದರೆ ಅದು ಹೋಗುವಂತಿಲ್ಲ. ಒಂದೇ ಊರಿನ ಎರಡು ಬಡಾವಣೆಗಳಿಗೆ ಎರಡು ಬಗೆಯ ಸಲಹೆ ಬೇಕು. ವಿದೇಶದಲ್ಲಿ ಅಚ್ಚಾದ ಪುಸ್ತಕ ಇದನ್ನು ಹೇಳಲಾರದು. ನೆರೆಯ ಅಂಗಡಿಯವರು ಹೇಳಬಲ್ಲರು.

ಇನ್ನು ಆಮ್ಲಜನಕದ ವಿಚಾರ. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಲೀಟರು ಸಿಹಿನೀರು ಗಾಳಿಯಿಂದ ಸುಮಾರು ೮ ಮಿಲಿಗ್ರಾಂ ಆಮ್ಲಜನಕವನ್ನು ಹೀರಿಕೊಂಡಿರಬಲ್ಲುದು. ಸಮುದ್ರದ ನೀರಿನಲ್ಲಿ ಅದು ೭ಕ್ಕಿಂತ ಕಡಮೆ. ನಮ್ಮ ಊರಿನ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆಯಾದುದರಿಂದ ಇಲ್ಲಿ ಅದು ಸುಮಾರು ೬ ಮಿಲಿಗ್ರಾಮಿಗೆ ಇಳಿಯುತ್ತದೆ. ಹೀಗಿರುವಾಗ ವಿದ್ಯುತ್ತು ನಿಂತು ಪಂಪು ನಿಂತರೆ ಕಿಕ್ಕಿರಿದ ತೊಟ್ಟಿಯ ಮೀನುಗಳಿಗೆ ಉಸಿರಿನ ಕಷ್ಟ ಬಹುಬೇಗ ತಟ್ಟುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಇಟ್ಟುಕೊಳ್ಳುವುದು ಇಲ್ಲಿ ಶೋಕಿಯಲ್ಲ.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಕಣ್ಣಿಗೆ ಕಾಣದ ಇನ್ನೊಂದು ಸಂಗತಿ. ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ವಿಶಾಲವಾದ ಕಡಲಿನಲ್ಲಿ ಅದು ಹರಡಿಹೋಗುತ್ತದೆ, ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವಿಲ್ಲದ ರೂಪವೇ ಹೆಚ್ಚು ವಿಷಕರ. ಪಿ.ಎಚ್. ೭ ಇರುವ ನೀರಿನಲ್ಲಿ ಈ ರೂಪದ ಪಾಲು ಶೇಕಡ ಒಂದಕ್ಕಿಂತಲೂ ಕಡಮೆ. ಕಡಲಿನ ನೀರಿನ ಪಿ.ಎಚ್. ೮.೨ರ ಸುಮಾರಿನದು, ಅಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಆದುದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ಸಾಗಿಹೋಗುವ ಅಲಕ್ಷ್ಯವು ಉಪ್ಪುನೀರಿನಲ್ಲಿ ಪ್ರಾಣಾಂತಿಕವಾಗುತ್ತದೆ.

ಈ ವಿಷವನ್ನು ಕಳೆಯುವವು ಸೂಕ್ಷ್ಮಾಣುಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟನ್ನಾಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನೆಲದಲ್ಲಿ ಇಂಥ ಜೀವಾಣುಗಳು ಇರುವುದನ್ನು ೧೮೯೦ರ ಸುಮಾರಿನಲ್ಲಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಸಿದ್ಧಪಡಿಸಿದನು. ನಮ್ಮ ಹೊಲಗಳಲ್ಲಿ ಬೆಳೆಗೆ ಆಹಾರವನ್ನು ಒದಗಿಸುವ ಕ್ರಿಯೆಯೇ ಇಲ್ಲಿ ಮೀನಿನ ಪ್ರಾಣವನ್ನು ಕಾಯುತ್ತದೆ. ಆದರೆ ಈ ಸೂಕ್ಷ್ಮಾಣುಗಳು ನಿಧಾನವಾಗಿ ವೃದ್ಧಿಹೊಂದುತ್ತವೆ. ಹೊಸ ತೊಟ್ಟಿಯ ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ಅವು ಸಾಕಷ್ಟು ನೆಲೆಯೂರಬೇಕಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತೊಟ್ಟಿಯಲ್ಲಿ ಮೀನಿರಬಾರದು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ವಿಷಪೂರಿತವಾಗಿರಬಹುದು.

ಅಂಗಡಿಯವರಿಗೂ ಗಿರಾಕಿಗೂ ನಡುವಣ ನಿಜವಾದ ಸಂದಿಗ್ಧ ಇಲ್ಲಿಯೇ ಹುಟ್ಟುವುದು. ತೊಟ್ಟಿ, ದೀಪ, ಲವಣ, ಪಂಪುಗಳನ್ನು ಕೊಂಡ ಹುಡುಗನು ಹಣದ ಚೀಲವನ್ನು ಬಿಚ್ಚಿಕೊಂಡು ನಿಂತಿದ್ದಾನೆ. ಮೀನನ್ನೂ ಇಂದೇ ಒಯ್ಯಬೇಕೆಂಬ ಆತುರ ಅವನಿಗೆ. ‘ಆರು ವಾರ ಬಿಟ್ಟು ಬಾ’ ಎಂದರೆ ಅವನು ಮುಂದಿನ ಬೀದಿಯ ಅಂಗಡಿಗೆ ಹೋಗಬಹುದು. ‘ಒಯ್ಯಿ’ ಎಂದರೆ ಮೀನು ಸಾಯುತ್ತದೆ, ಮತ್ತೊಂದನ್ನು ಕೊಳ್ಳಲು ಅವನೇ ಮರಳಿ ಬರುತ್ತಾನೆ. ಅಲ್ಪಕಾಲದ ಲೆಕ್ಕದಲ್ಲಿ ಮೌನವೇ ಲಾಭದಾಯಕ. ಮಾರುವವರ ಒಳ್ಳೆಯತನವನ್ನೊಂದೇ ನೆಚ್ಚಿಕೊಂಡರೆ ಸಾಲದು, ಒಂದು ಪದ್ಧತಿಯೇ ಬೇಕೆಂದು ನಾವು ವಾದಿಸುವುದು ಈ ಕಾರಣದಿಂದ.

ಪದ್ಧತಿಯ ಮೊದಲ ಅಂಗ ಚೀಟಿ. ಪ್ರತಿಯೊಂದು ತೊಟ್ಟಿಯ ಮೇಲೆಯೂ ಅಂಗೈಯಗಲದ ಚೀಟಿಯೊಂದಿರಲಿ. ಅದು ಹೇಗಿರಬೇಕೆಂಬುದಕ್ಕೆ ಒಂದು ಮಾದರಿಯನ್ನು ಕೊಡುತ್ತೇವೆ:

‘ಕ್ಲೌನ್ ಮೀನು. ಶಾಸ್ತ್ರೀಯ ನಾಮ ಆಂಫಿಪ್ರಿಯಾನ್ ಒಸೆಲ್ಲಾರಿಸ್. ಬೆಳೆದಾಗ ಉದ್ದ ಸುಮಾರು ೯ ಸೆಂಟಿಮೀಟರು. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಗಿಲಾಗಿ ಬಾಳುತ್ತದೆ. ಜೋಡಿಗೆ ನೂರು ಲೀಟರಿನ ತೊಟ್ಟಿ ಬೇಕು. ಕಡಲಹೂವಿನ ಆಸರೆಯಿಲ್ಲದೆಯೂ ಬದುಕುತ್ತದೆ. ಸಾಕಣೆಯಲ್ಲಿ ಹುಟ್ಟಿದ್ದು, ಕಡಲಿನಿಂದ ಹಿಡಿದದ್ದಲ್ಲ. ನಮ್ಮಲ್ಲಿಗೆ ಬಂದು ೧೮ ದಿನವಾಯಿತು, ತಪ್ಪದೆ ತಿನ್ನುತ್ತಿದೆ. ಈ ತೊಟ್ಟಿಯಲ್ಲಿ ತಾಮ್ರದ ಔಷಧವಿಲ್ಲ. ಹದವಾಗದ ಹೊಸ ತೊಟ್ಟಿಗೆ ಈ ಮೀನನ್ನು ಕೊಡುವುದಿಲ್ಲ.’

ಈ ಚೀಟಿಯ ಒಂದೊಂದು ಸಾಲಿಗೂ ಕಾರಣವುಂಟು. ಬೆಳೆದಾಗಿನ ಉದ್ದವನ್ನೇ ತೆಗೆದುಕೊಳ್ಳೋಣ. ಬೆರಳಷ್ಟೇ ಉದ್ದವಾಗಿ ಅಂಗಡಿಯಲ್ಲಿ ಕಾಣುವ ನೀಲಿ ಟ್ಯಾಂಗ್ ಮೀನು ಪೂರ್ಣವಾಗಿ ಬೆಳೆದರೆ ೩೦ ಸೆಂಟಿಮೀಟರಿನಷ್ಟಾಗುತ್ತದೆ. ಅದಕ್ಕೆ ನೂರು ಲೀಟರಿನ ತೊಟ್ಟಿ ಸೆರೆಮನೆಯೇ ಸರಿ. ಆಹಾರದ ಸಾಲೂ ಅಷ್ಟೇ ಮುಖ್ಯ. ಮ್ಯಾಂಡರಿನ್ ಎಂಬ ಚಿತ್ತಾರದ ಮೀನು ದಿನವೆಲ್ಲ ಕಲ್ಲುಗಳ ಸಂದಿಯಲ್ಲಿ ಸೂಕ್ಷ್ಮವಾದ ಕಠಿನಚರ್ಮಿಗಳನ್ನು ಹೆಕ್ಕಿ ತಿನ್ನುತ್ತಿರುತ್ತದೆ. ಸಾಮಾನ್ಯವಾದ ಒಣ ಆಹಾರವನ್ನು ಅದು ಮುಟ್ಟುವುದು ಅಪರೂಪ. ಅನುಭವವಿಲ್ಲದವರ ತೊಟ್ಟಿಯಲ್ಲಿ ಅದು ಹಸಿವಿನಿಂದ ಸಾಯುತ್ತದೆ. ‘ಹೊಸಬರಿಗಲ್ಲ’ ಎಂಬ ಎರಡು ಪದಗಳ ಚೀಟಿ ಅದನ್ನು ಉಳಿಸಬಲ್ಲುದು. ತಾಮ್ರದ ಮಾತೂ ಹಾಗೆಯೇ. ಕಡಲಮೀನಿನ ಮೈಮೇಲೆ ಬಿಳಿಯ ಚುಕ್ಕೆಗಳನ್ನು ಮೂಡಿಸುವ ಪರೋಪಜೀವಿಯನ್ನು ತಾಮ್ರದ ಲವಣದಿಂದ ಅಡಗಿಸುತ್ತಾರೆ. ಆದರೆ ಅದೇ ತಾಮ್ರ ಸೀಗಡಿಗೂ ಕಡಲಹೂವಿಗೂ ಮಾರಕ. ಆ ತೊಟ್ಟಿಯ ನೀರನ್ನು ಚೀಲದೊಂದಿಗೆ ಮನೆಯ ತೊಟ್ಟಿಗೆ ಸುರಿಯುವವನಿಗೆ ಇದು ಗೊತ್ತಿರಬೇಡವೆ? ಹಾಗೆಯೇ ಸಿಂಹಮೀನಿನ ತೊಟ್ಟಿಯ ಮೇಲೆ ಅದರ ಮುಳ್ಳುಗಳಲ್ಲಿ ವಿಷವಿದೆಯೆಂದೂ, ಚುಚ್ಚಿದರೆ ಗಾಯವನ್ನು ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟು ಕೂಡಲೇ ವೈದ್ಯರ ಬಳಿಗೆ ಹೋಗಬೇಕೆಂದೂ ಬರೆದಿರಬೇಕು.

ಶಾಸ್ತ್ರೀಯ ನಾಮ ಸಾಮಾನ್ಯರಿಗೆ ಏತಕ್ಕೆಂದು ಕೆಲವರು ನಗಬಹುದು. ವ್ಯಾಪಾರದ ಹೆಸರುಗಳು ಊರಿಗೊಂದು, ಅಂಗಡಿಗೊಂದು. ಒಂದೇ ಹೆಸರಿನಲ್ಲಿ ನಾಲ್ಕು ಬಗೆಯ ಮೀನು ಮಾರಾಟವಾಗುವುದುಂಟು. ಶಾಸ್ತ್ರೀಯ ನಾಮವಾದರೋ ಗ್ರಂಥಾಲಯದ ಬೀಗದ ಕೈ. ಅದನ್ನು ಹಿಡಿದು ಹೋದ ವಿದ್ಯಾರ್ಥಿ ಅದೇ ಸಂಜೆ ಆ ಮೀನಿನ ವಿಷಯವಾಗಿ ಪ್ರಪಂಚಕ್ಕೆ ತಿಳಿದಿರುವುದನ್ನೆಲ್ಲ ಓದಬಲ್ಲನು. ಕ್ಲೌನ್ ಮೀನುಗಳೆಲ್ಲವೂ ಮೊದಲು ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತ್ರ ಹೆಣ್ಣಾಗಿ ಮಾರ್ಪಡುತ್ತದೆ ಎಂಬ ವಿಚಿತ್ರವನ್ನು ಅವನು ಆಗ ತಿಳಿಯುತ್ತಾನೆ. ಎರಡು ಮರಿಗಳನ್ನು ಒಟ್ಟಿಗೆ ಸಾಕಿದರೆ ಜೋಡಿ ತಾನಾಗಿಯೇ ಆಗುತ್ತದೆಂಬುದೂ ಅವನಿಗೆ ಹೊಳೆಯುತ್ತದೆ.

ಹೆಸರು ಎಲ್ಲರಿಗೂ ಒಂದೇ ಇರಲಿ, ಉಳಿದ ಸಾಲುಗಳು ಗಿರಾಕಿಯ ಭಾಷೆಯಲ್ಲಿರಬೇಕು. ದಂಡಿನ ಪ್ರದೇಶದ ಬೀದಿಗಳಲ್ಲಿ ಕನ್ನಡ, ಉರ್ದು, ತಮಿಳು, ಇಂಗ್ಲಿಷುಗಳು ಒಟ್ಟಿಗೆ ಓಡಾಡುತ್ತವೆ. ಚೌಕಾಸಿಗೆ ಈ ನಾಲ್ಕೂ ಭಾಷೆಗಳು ಒದಗುತ್ತವೆ. ಎಚ್ಚರಿಕೆಯ ಮಾತಿಗೆ ಮಾತ್ರ ಇಂಗ್ಲಿಷೊಂದೇ ಏಕೆ? ‘ಅಮೋನಿಯ’, ‘ಪಿ.ಎಚ್.’, ‘ಫಿಲ್ಟರ್’ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು, ಉಳಿದುದನ್ನು ಮನೆಯ ಕನ್ನಡದಲ್ಲಿ ಹೇಳಬಹುದು. ಹತ್ತನೆಯ ತರಗತಿಯ ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಹುಡುಗಿಗೆ ಈ ಚೀಟಿ ಅರ್ಥವಾಗದಿದ್ದರೆ ತಪ್ಪು ಹುಡುಗಿಯದಲ್ಲ.

ಚೀಟಿಯಲ್ಲಿ ‘ಸಾಕಣೆಯಲ್ಲಿ ಹುಟ್ಟಿದ್ದು’ ಎಂಬ ಸಾಲನ್ನು ಸೇರಿಸಿದುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಹವಳದ ದಿಬ್ಬಗಳಿಂದ ಮೀನನ್ನು ಹಿಡಿಯಲು ಸಯನೈಡನ್ನು ಬಳಸುವ ಕೆಟ್ಟ ಪದ್ಧತಿ ೧೯೬೦ರ ದಶಕದಲ್ಲಿ ಫಿಲಿಪೀನ್ಸಿನಲ್ಲಿ ತಲೆಯೆತ್ತಿತು. ಆ ವಿಷ ಮೀನಿಗೆ ಮಂಪರು ಬರಿಸುತ್ತದೆ, ಸುತ್ತಲಿನ ಹವಳವನ್ನು ಕೊಲ್ಲುತ್ತದೆ. ಹೀಗೆ ಹಿಡಿದ ಮೀನಿನ ಮೈಮೇಲೆ ಯಾವ ಗುರುತೂ ಕಾಣದು. ಕೊಂಡವನಿಗೆ ತಾನು ಯಾವುದಕ್ಕೆ ಹಣ ಕೊಟ್ಟೆನೆಂಬುದು ತಿಳಿಯದು. ಇದಕ್ಕೆ ಪ್ರತಿಯಾಗಿ, ೧೯೪೭ರಲ್ಲಿ ಸ್ಥಾಪಿತವಾಗಿ ೧೯೭೧ರಿಂದ ಕೊಚ್ಚಿಯಲ್ಲಿ ಮುಖ್ಯಕಚೇರಿಯನ್ನು ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನಗಳನ್ನು ರೂಪಿಸಿದೆ. ಸಾಕಣೆಯ ಮರಿ ತೊಟ್ಟಿಯ ಬಾಳಿಗೂ ಕೊಟ್ಟ ಆಹಾರಕ್ಕೂ ಒಗ್ಗಿಕೊಂಡಿರುತ್ತದೆ. ಅದಕ್ಕಾಗಿ ಕಡಲನ್ನು ಸೂರೆಮಾಡಬೇಕಾಗಿಲ್ಲ. ಎರಡು ತೊಟ್ಟಿಗಳ ಮೇಲೆ ಎರಡು ಬಗೆಯ ಚೀಟಿಗಳಿದ್ದರೆ ಗಿರಾಕಿ ಆರಿಸಿಕೊಳ್ಳಬಲ್ಲನು. ಚೀಟಿಯಿಲ್ಲದಿದ್ದರೆ ಅವನು ಬೆಲೆಯೊಂದನ್ನೇ ಆರಿಸಿಕೊಳ್ಳುತ್ತಾನೆ.

ಕಾನೂನಿನ ಮಾತನ್ನೂ ಅಂಗಡಿಯ ಗೋಡೆಯ ಮೇಲೆ ಬರೆಯಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ ೨೦೦೧ರಲ್ಲಿ ದಿಬ್ಬಗಳನ್ನು ಕಟ್ಟುವ ಹವಳಗಳು, ಕಡಲಬೀಸಣಿಗೆಗಳು, ಕಡಲಕುದುರೆಗಳು, ಕಡಲಸೌತೆಗಳು ಸೇರಿದವು. ಇವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅಲಂಕಾರಕ್ಕೆಂದು ಇಡುವ ಸತ್ತ ಹವಳದ ತುಂಡಿಗೂ ಈ ಕಾನೂನಿನ ನೆರಳುಂಟು. ಯಾವ ದುರುದ್ದೇಶವೂ ಇಲ್ಲದೆ, ಬರಿಯ ಅಜ್ಞಾನದಿಂದ, ಕಾಲೇಜಿನ ವಿದ್ಯಾರ್ಥಿಯೊಬ್ಬನು ಅಪರಾಧಿಯಾಗುವ ಸಂಭವವಿರುವಾಗ ‘ಕೇಳಿದ್ದರೆ ಹೇಳುತ್ತಿದ್ದೆವು’ ಎಂಬ ಉತ್ತರ ಸಾಲದು.

ಬರಿಯ ಉತ್ಸಾಹವನ್ನು ಹಂಚಿ ಮಿತಿಯನ್ನು ಹಂಚದಿದ್ದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ಫಿಲಿಪ್ ಹೆನ್ರಿ ಗಾಸ್ ಎಂಬ ಆಂಗ್ಲ ಪ್ರಕೃತಿಶಾಸ್ತ್ರಜ್ಞನು ೧೮೫೪ರಲ್ಲಿ ಪ್ರಕಟಿಸಿದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದದ್ದು ಅದರ ಹಿಂದಿನ ವರ್ಷ. ಕಡಲತೀರದ ಬಂಡೆಗಳ ನಡುವಣ ಕೊಳಗಳ ಚೆಲುವನ್ನು ಗಾಸ್ ಎಷ್ಟು ಮನೋಹರವಾಗಿ ವರ್ಣಿಸಿದನೆಂದರೆ, ಜನರು ಬುಟ್ಟಿ ಜಾಡಿಗಳನ್ನು ಹಿಡಿದು ತೀರಗಳಿಗೆ ಮುತ್ತಿಗೆ ಹಾಕಿದರು. ಕೆಲವೇ ದಶಕಗಳಲ್ಲಿ ಆ ಕೊಳಗಳು ಬರಿದಾದುವೆಂದು ಅವನ ಮಗನಾದ ಎಡ್ಮಂಡ್ ಗಾಸ್ ೧೯೦೭ರಲ್ಲಿ ಮರುಗಿ ಬರೆದಿದ್ದಾನೆ. ತಂದೆ ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬ ಮಾತು ಆ ಉತ್ಸಾಹದಲ್ಲಿ ಕೇಳಿಸದೆಹೋಯಿತು.

ಪದ್ಧತಿಯ ಎರಡನೆಯ ಅಂಗ ಹಲಗೆ. ಅಂಗಡಿಯವರು ತಮ್ಮ ತೊಟ್ಟಿಗಳ ನೀರನ್ನು ಪ್ರತಿದಿನ ಪರೀಕ್ಷಿಸಿ ಉಷ್ಣತೆ, ಸಾಪೇಕ್ಷ ಸಾಂದ್ರತೆ, ಪಿ.ಎಚ್., ಅಮೋನಿಯ, ನೈಟ್ರೇಟುಗಳ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಬರೆಯಲಿ. ಆ ವಾರ ಸತ್ತ ಮೀನುಗಳ ಸಂಖ್ಯೆಯನ್ನೂ ಬರೆಯಲಿ. ಗಿರಾಕಿ ಬಾಟಲಿಯಲ್ಲಿ ತಂದ ನೀರನ್ನು ಅವನ ಕಣ್ಣೆದುರಿಗೇ ಪರೀಕ್ಷಿಸಿ ತೋರಿಸಲಿ. ಪರೀಕ್ಷಾನಳಿಗೆಯಲ್ಲಿ ಅಮೋನಿಯದ ಬಣ್ಣ ಮೂಡುವುದನ್ನು ಒಮ್ಮೆ ಕಂಡವನಿಗೆ ಉಪನ್ಯಾಸ ಬೇಕಾಗುವುದಿಲ್ಲ. ದಿನಸಿ ಅಂಗಡಿಯ ತಕ್ಕಡಿಗೂ ಬೊಟ್ಟುಗಳಿಗೂ ಸರ್ಕಾರ ಪರೀಕ್ಷಿಸಿ ಮುದ್ರೆಯೊತ್ತುತ್ತದೆ. ಅದರಿಂದ ಅಂಗಡಿಯವರಿಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಮುದ್ರೆಯಿರುವುದರಿಂದಲೇ ನಾವು ತೂಕವನ್ನು ಅನುಮಾನಿಸದೆ ಬೇಳೆಯನ್ನು ಕೊಳ್ಳುತ್ತೇವೆ. ಉಪ್ಪುನೀರಿನ ಅಂಗಡಿಗೆ ಈ ಹಲಗೆಯೇ ಮುದ್ರೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳನ್ನೂ ನಾವು ತೂಗಿ ನೋಡಬೇಕು. ಹೀಗೆಲ್ಲ ಬರೆದರೆ ವ್ಯಾಪಾರ ಕೆಡುತ್ತದೆಂಬುದು ಮೊದಲನೆಯದು. ಬಾಡಿಗೆ, ವಿದ್ಯುತ್ತಿನ ಬಿಲ್ಲು, ಆಳಿನ ಸಂಬಳಗಳನ್ನು ಹೊತ್ತಿರುವ ಸಣ್ಣ ಅಂಗಡಿಯವರ ಈ ಅಂಜಿಕೆ ಅಲಕ್ಷ್ಯಕ್ಕೆ ತಕ್ಕುದಲ್ಲ. ಆದರೆ ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞನು ೧೯೭೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಇದಕ್ಕೆ ಉತ್ತರವನ್ನು ಕೊಟ್ಟಿದ್ದಾನೆ. ಸರಕಿನ ಗುಣವನ್ನು ಮಾರುವವನೊಬ್ಬನೇ ಬಲ್ಲನಾದರೆ, ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದರ ಬೆಲೆಯನ್ನೇ ಕೊಡಲು ಒಪ್ಪುತ್ತಾನೆ. ಆಗ ಒಳ್ಳೆಯ ಸರಕೇ ಮಾರುಕಟ್ಟೆಯನ್ನು ಬಿಟ್ಟುಹೋಗುತ್ತದೆ. ಮೀನನ್ನು ಹದಿನೈದು ದಿನ ಇಟ್ಟುಕೊಂಡು, ರೋಗವನ್ನು ಗುಣಪಡಿಸಿ, ತಿನ್ನಲು ಕಲಿಸಿ ಮಾರುವವನ ಖರ್ಚು ಹೆಚ್ಚು. ಆ ಶ್ರಮವನ್ನು ಚೀಟಿ ಹೇಳದಿದ್ದರೆ ಅವನಿಗೆ ಅದರ ಬೆಲೆ ಎಂದೂ ದೊರೆಯದು. ಆದುದರಿಂದ ಚೀಟಿಯಿಂದ ಕೆಡುವುದು ಕೆಟ್ಟ ವ್ಯಾಪಾರ ಮಾತ್ರ. ಅಲ್ಲದೆ, ಮೂರು ಸಲ ಮೀನು ಸತ್ತ ಗಿರಾಕಿ ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾನೆ. ಮೀನು ಬಾಳಿದ ಗಿರಾಕಿ ಹತ್ತು ವರ್ಷ ಲವಣವನ್ನೂ ಆಹಾರವನ್ನೂ ಕೊಳ್ಳುತ್ತಾನೆ.

ಬೇಕಾದುದೆಲ್ಲ ಈಗ ಕೈಯಲ್ಲಿರುವ ಫೋನಿನಲ್ಲಿಯೇ ಸಿಗುತ್ತದಲ್ಲ ಎಂಬುದು ಎರಡನೆಯದು. ಸಾಮಾನ್ಯವಾದ ಜ್ಞಾನ ಸಿಗುತ್ತದೆ, ನಿಜ. ಆದರೆ ಈ ಮೀನು ಎಂದು ಬಂದಿತು, ಏನನ್ನು ತಿನ್ನುತ್ತಿದೆ, ಈ ತೊಟ್ಟಿಗೆ ಯಾವ ಔಷಧ ಬಿದ್ದಿದೆ ಎಂಬುದು ಅಂಗಡಿಯವರಿಗಲ್ಲದೆ ಪ್ರಪಂಚದಲ್ಲಿ ಬೇರಾರಿಗೂ ಗೊತ್ತಿಲ್ಲ. ಅವರು ಹೇಳಬೇಕಾದುದು ಮೊದಲು ಇದನ್ನೇ.

ಕಡಲಿನ ಜೀವಿಯನ್ನು ಗಾಜಿನಲ್ಲಿ ಸೆರೆಯಿಡುವುದೇ ತಪ್ಪು, ಅಂಗಡಿಗಳನ್ನೇ ಮುಚ್ಚಬೇಕು ಎಂಬುದು ಮೂರನೆಯದು. ಈ ವಾದದಲ್ಲಿ ಕರುಣೆಯಿದೆ. ನಾವು ಅದನ್ನು ಗೌರವಿಸುತ್ತೇವೆ. ಆದರೂ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ಅರಿತು ಸಾಕುವವನು ಕಡಲಿಗೆ ಶತ್ರುವಲ್ಲ, ಅನೇಕವೇಳೆ ಮಿತ್ರನೇ ಆಗುತ್ತಾನೆ ಎಂಬುದು ನಮ್ಮ ನಂಬಿಕೆ. ಅರಿಯದೆ ಸಾಕಿ ಬೇಸತ್ತವನು ಮಾಡುವ ಹಾನಿಯಾದರೋ ತೊಟ್ಟಿಯಾಚೆಗೂ ಹರಡಬಲ್ಲುದು. ಇಂಡೋ-ಪೆಸಿಫಿಕ್ ಕಡಲಿನ ಸಿಂಹಮೀನು ೧೯೮೫ರಲ್ಲಿ ಅಮೆರಿಕದ ಫ್ಲಾರಿಡ ತೀರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟದ್ದೇ ಅದಕ್ಕೆ ಮೂಲವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಇಂದು ಕೆರಿಬಿಯನ್ ಕಡಲಿನ ಉದ್ದಗಲಕ್ಕೂ ಅದು ಸ್ಥಳೀಯ ಮೀನುಗಳನ್ನು ಕಬಳಿಸುತ್ತಿದೆ. ನಮ್ಮ ಹಲಸೂರು ಕೆರೆಗೆ ಬಿಟ್ಟ ಕಡಲಮೀನು ಸಿಹಿನೀರಿನಲ್ಲಿ ಬದುಕಲಾರದೆ ಸಾಯುತ್ತದೆ. ಗಟ್ಟಿಜೀವದ ಸಿಹಿನೀರಿನ ಮೀನು ಬದುಕಿ ಕೆರೆಯನ್ನೇ ಆಕ್ರಮಿಸಬಹುದು. ‘ಬೇಡವಾದರೆ ನಮಗೇ ಹಿಂದಿರುಗಿಸಿ, ಕೆರೆಗೆ ಬಿಡಬೇಡಿ’ ಎಂಬ ಸಾಲು ಪ್ರತಿಯೊಂದು ರಶೀದಿಯ ಕೆಳಗೂ ಇರತಕ್ಕುದು.

ಇಷ್ಟನ್ನೂ ಅಂಗಡಿಯವರಿಗೆ ಹೇಳಿದ ಮೇಲೆ ವಿದ್ಯಾರ್ಥಿಗಳಿಗೂ ಒಂದು ಮಾತನ್ನು ಹೇಳಬೇಕು. ಕೇಳುವವರಿಲ್ಲದೆಡೆ ಹೇಳುವವರು ಹುಟ್ಟುವುದಿಲ್ಲ. ಗೃಹಿಣಿಯ ನಾಲ್ಕು ಪರೀಕ್ಷೆಗಳಂತೆ ನಿಮಗೂ ನಾಲ್ಕು ಪ್ರಶ್ನೆಗಳಿರಲಿ: ಇದು ಎಲ್ಲಿಂದ ಬಂದಿತು? ಬಂದು ಎಷ್ಟು ದಿನವಾಯಿತು? ನನ್ನೆದುರಿಗೆ ತಿನ್ನುತ್ತದೆಯೆ? ಬೆಳೆದರೆ ಎಷ್ಟಾಗುತ್ತದೆ? ಉತ್ತರ ದೊರೆಯದೆಡೆ ಹಣವನ್ನು ಬಿಚ್ಚಬೇಡಿ. ಅದಕ್ಕೂ ಮೊದಲು ಮೀನಿಲ್ಲದ ತೊಟ್ಟಿಯೊಂದನ್ನು ಆರು ವಾರ ನಡೆಸಿ, ಅಮೋನಿಯ ಏರಿ ಇಳಿಯುವುದನ್ನೂ ನೈಟ್ರೇಟು ಮೇಲೇರುವುದನ್ನೂ ದಿನಚರಿಯಲ್ಲಿ ಗುರುತಿಸಿ ನಕ್ಷೆಯನ್ನೆಳೆಯಿರಿ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಸೊಗಸಾದ ಪಾಠ ಸಿಗುವುದು ಕಷ್ಟ. ಖರ್ಚೂ ಹೆಚ್ಚಿಲ್ಲ, ಯಾವ ಪ್ರಾಣಿಯೂ ಸಾಯುವುದಿಲ್ಲ. ಆ ನಕ್ಷೆಯನ್ನು ಹಿಡಿದು ಅಂಗಡಿಗೆ ಹೋಗಿ. ಆಗ ಅಲ್ಲಿ ನಿಂತು ಮಾತನಾಡುವವರು ಇಬ್ಬರು ಬಲ್ಲವರು. ಅವರ ನಡುವೆ ಕೈಬದಲಾಗುವ ಮೀನಿಗೆ ಬದುಕುವ ಅವಕಾಶವಿದೆ.